ಮಾಗಿಯ ದಿನಗಳಲ್ಲಿ ಕೈತೋಟ

ಕಾರ್ತಿಕ ಮಾಸ ಕಳೆಯುತ್ತ ಬಂದಂತೆ ಕನ್ನಡ ನಾಡಿನ ಮೈದಾನ ಪ್ರದೇಶದಲ್ಲಿ ಹಿಂಗಾರು ಮಳೆ ಹಿಂದೆಗೆಯುತ್ತದೆ. ಬೆಳಗಿನ ಹೊತ್ತು ಬೇಲಿಯ ಮೇಲೂ ಜೇಡರಬಲೆಯ ಎಳೆಗಳ ಮೇಲೂ ಇಬ್ಬನಿ ಕುಳಿತಿರುತ್ತದೆ. ಹಬ್ಬದ ದಿನ ನೆಲ್ಲಿಯ ಕೊಂಬೆಯೊಡನೆ ಸಿಂಗಾರಗೊಂಡು ನಿಂತಿದ್ದ ತುಳಸಿ, ಮುಂದಿನ ಕೆಲವೇ ವಾರಗಳಲ್ಲಿ ತೆನೆ ತಳೆದು, ಎಲೆ ಉದುರಿಸಿ, ಬಡಕಲಾಗತೊಡಗುತ್ತದೆ. ಅದರ ಪಕ್ಕದಲ್ಲಿಯೇ, ಮಳೆಗಾಲವೆಲ್ಲ ಬರಿಯ ಎಲೆಯಾಗಿದ್ದ ಸೇವಂತಿಗೆ ಮೈತುಂಬ ಮೊಗ್ಗು ಬಿಡುತ್ತದೆ. ಒಂದೇ ಹಿತ್ತಲು, ಒಂದೇ ಚಳಿ. ಆದರೂ ಒಂದಕ್ಕೆ ಅದು ಮುಪ್ಪು, ಮತ್ತೊಂದಕ್ಕೆ ಪ್ರಾಯ.

ಮನೆಯೊಳಗಿನ ಕಥೆ ಬೇರೆ. ಪಡಸಾಲೆಯ ಮೂಲೆಯಲ್ಲಿ ಅಂದಕ್ಕೆಂದು ಇರಿಸಿದ ಕುಂಡದ ಗಿಡ ಮಾರ್ಗಶಿರದಲ್ಲಿ ಮಂಕಾಗುತ್ತದೆ, ಪುಷ್ಯದಲ್ಲಿ ಹಳದಿ ತಿರುಗುತ್ತದೆ, ಸಂಕ್ರಾಂತಿಯ ಹೊತ್ತಿಗೆ ಬುಡದಲ್ಲಿ ಕೊಳೆತು ವಾಲಿಕೊಳ್ಳುತ್ತದೆ. ಮನೆಯವರು ಮರುಕದಿಂದ, ಪಾಪ, ಚಳಿ ತಡೆಯಲಿಲ್ಲ ಎನ್ನುತ್ತಾರೆ. ಆದರೆ ಹೀಗೆ ಸಾಯುವ ಗಿಡಗಳಲ್ಲಿ ಹೆಚ್ಚಿನವು ಚಳಿಯಿಂದ ಸತ್ತವಲ್ಲ. ದಿನವೂ ಬೆಳಗ್ಗೆ ತಪ್ಪದೆ, ಪ್ರೀತಿಯಿಂದಲೇ, ಒಂದು ತಂಬಿಗೆ ನೀರು ಹೊಯ್ದ ಕೈಯೇ ಅವುಗಳನ್ನು ಕೊಂದಿರುತ್ತದೆ. ಗಿಡದ ಬಾಳು ಮಾಗಿಯಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿದವನಿಗೆ ಈ ಅಚಾತುರ್ಯವನ್ನು ತಪ್ಪಿಸುವುದು ಕಷ್ಟವೇನಲ್ಲ.

ಮೊದಲಿಗೆ, ಇಲ್ಲಿನ ಚಳಿಯೆಂದರೆ ಎಷ್ಟು? ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಬೆಂಗಳೂರಿನ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 15 ಅಥವಾ 16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಆ ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆಯೆಂದರೆ 1884ರ ಜನವರಿ 13ರಂದು ಇದ್ದ 7.8 ಡಿಗ್ರಿ. ಬೀದರಿನಂತಹ ಉತ್ತರದ ಜಿಲ್ಲೆಗಳಲ್ಲಿ ಚಳಿ ಇನ್ನಷ್ಟು ಬಿರುಸಾಗಿದ್ದು, ಕೆಲವು ವರ್ಷಗಳಲ್ಲಿ 10 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಆದರೂ ನೀರು ಹೆಪ್ಪುಗಟ್ಟಲು ಬೇಕಾದ ಸೊನ್ನೆ ಡಿಗ್ರಿಯಿಂದ ಇದು ಬಲು ದೂರ. ಇಂಗ್ಲೆಂಡಿನಲ್ಲಿಯೋ ಕಾಶ್ಮೀರದಲ್ಲಿಯೋ ಎಲೆಯ ಕೋಶಗಳೊಳಗಿನ ನೀರೇ ಮಂಜಾಗಿ ಗಿಡ ಸಾಯುತ್ತದೆ; ಅಲ್ಲಿನ ತೋಟಗಾರನಿಗೆ ಮಾಗಿಯೆಂದರೆ ರಕ್ಷಣೆಯ ಕಾಲ. ಕನ್ನಡ ನಾಡಿನ ತೋಟಗಾರನಿಗೆ ಅಂತಹ ಭಯವಿಲ್ಲ. ಅವನು ಗಮನಿಸಬೇಕಾದುದು ಚಳಿಗಿಂತ ಹೆಚ್ಚಾಗಿ ಬೇರೆ ಮೂರು ಸಂಗತಿಗಳನ್ನು: ಬಿಸಿಲು ಬರುವ ದಿಕ್ಕು ಬದಲಾಗುತ್ತದೆ, ಗಾಳಿ ಒಣಗುತ್ತದೆ, ರಾತ್ರಿ ನೀಳವಾಗುತ್ತದೆ.

ಇವುಗಳಲ್ಲಿ ದಿಕ್ಕಿನ ಮಾತು ಸ್ವಾರಸ್ಯವಾದುದು. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ತಿಂಗಳ ಮೂರನೆಯ ವಾರದಲ್ಲಿ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಣ ಅವಧಿಯಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳುಗಳಲ್ಲೆಲ್ಲ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ 21 ಅಥವಾ 22ರಂದು ಈ ವಾಲುವಿಕೆ ಅತ್ಯಧಿಕವಾಗಿ, ನಡುಹಗಲಿನಲ್ಲಿಯೂ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರವನ್ನಷ್ಟೇ ಮುಟ್ಟುತ್ತಾನೆ. ಇದರ ಫಲವಾಗಿ ಮನೆಯ ಬೆಳಕಿನ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ಜೂನ್ ತಿಂಗಳಲ್ಲಿ ಉತ್ತರದ ಕಿಟಕಿಯೊಳಕ್ಕೆ ಓರೆಯಾಗಿ ಬರುತ್ತಿದ್ದ ಬಿಸಿಲು ಡಿಸೆಂಬರಿನಲ್ಲಿ ಅತ್ತ ಸುಳಿಯುವುದೇ ಇಲ್ಲ. ಅದಕ್ಕೆ ಬದಲಾಗಿ ದಕ್ಷಿಣದ ಕಿಟಕಿಯಿಂದಲೂ ಜಗಲಿಯಿಂದಲೂ ಬಿಸಿಲು ಕೋಣೆಯೊಳಗೆ ಬಹುದೂರ ಹಾಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಉತ್ತರದ ಕಿಟಕಿಯ ಬಳಿ ಸುಖವಾಗಿದ್ದ ಕುಂಡವನ್ನು ಮಾಗಿಯಲ್ಲಿ ಪೂರ್ವದ ಅಥವಾ ದಕ್ಷಿಣದ ಕಿಟಕಿಗೆ ಬದಲಾಯಿಸುವುದು ಆದುದರಿಂದ ಈ ಋತುವಿನ ಮೊದಲ ಕೆಲಸ. ಕುಂಡಕ್ಕೆ ಕಾಲಿಲ್ಲ, ಕೈಯುಳ್ಳವರು ಆ ಕೆಲಸ ಮಾಡಬೇಕು.

ಕೋಣೆಯಲ್ಲಿ ಬೆಳಕು ಸಾಕಷ್ಟಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲಿ ಮನುಷ್ಯನ ಕಣ್ಣು ಅವನಿಗೆ ಮೋಸ ಮಾಡುತ್ತದೆ. ಬೆಳಕು ಕಡಿಮೆಯಾದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಅಕ್ಷಿಪಟಲದ ಸೂಕ್ಷ್ಮತೆ ಏರುತ್ತದೆ. ನೋಡುವವನಿಗೆ ಕೊರತೆಯೇ ತೋರದು. ಅಳೆದು ನೋಡಿದರೆ ನಿಜ ಹೊರಬೀಳುತ್ತದೆ. ಬೆಳಕಿನ ಪ್ರಮಾಣವನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ಬಯಲಿನಲ್ಲಿ ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಹತ್ತಿರ ಅದು ಸಾವಿರದ ಆಸುಪಾಸಿಗೆ ಇಳಿಯಬಹುದು. ಕೋಣೆಯ ಒಳಮೂಲೆಯಲ್ಲಿ ನೂರೋ ಇನ್ನೂರೋ ಉಳಿದರೆ ಹೆಚ್ಚು. ಪುಸ್ತಕ ಓದಲು ಅಷ್ಟು ಸಾಕು. ಆದರೆ ಬೆಳಕಿನಿಂದಲೇ ಅನ್ನವನ್ನು ಮಾಡಿಕೊಳ್ಳಬೇಕಾದ ಗಿಡಕ್ಕೆ ಅದು ಅರೆಹೊಟ್ಟೆಯೂ ಅಲ್ಲ. ಅಳೆಯುವ ಉಪಕರಣವಿಲ್ಲದವರಿಗೂ ಒಂದು ಉಪಾಯವುಂಟು. ಗಿಡವಿರುವ ಜಾಗದಲ್ಲಿ ಬಿಳಿಯ ಕಾಗದವನ್ನು ಹರಡಿ, ಅದರಿಂದ ಒಂದು ಅಡಿ ಮೇಲೆ ಅಂಗೈಯನ್ನು ಹಿಡಿಯಬೇಕು. ಬೆರಳುಗಳು ಎಣಿಸುವಷ್ಟು ಸ್ಪಷ್ಟವಾಗಿ ನೆರಳು ಮೂಡಿದರೆ ಬೆಳಕು ಚೆನ್ನಾಗಿದೆ. ಬರಿಯ ಮಸುಕು ಕಂಡರೆ ಮಂದವಾಗಿದೆ. ನೆರಳೇ ಮೂಡದ ಜಾಗದಲ್ಲಿ ಗಿಡವನ್ನು ಇಡುವುದಕ್ಕಿಂತ ಗಿಡದ ಚಿತ್ರವನ್ನು ಇಡುವುದು ಮೇಲು.

ಈಗ ನೀರಿನ ವಿಚಾರ. ಬೇರು ಹೀರಿದ ನೀರಿನಲ್ಲಿ ಗಿಡ ತನ್ನ ಮೈಗೆ ಬಳಸಿಕೊಳ್ಳುವುದು ಅತ್ಯಲ್ಪ. ನೂರರಲ್ಲಿ 95 ಭಾಗಕ್ಕಿಂತಲೂ ಹೆಚ್ಚು ನೀರು ಎಲೆಯ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೊರಟುಹೋಗುತ್ತದೆ. ಈ ಬಾಷ್ಪವಿಸರ್ಜನೆಯ ವೇಗ ಬೆಳಕನ್ನೂ ಉಷ್ಣತೆಯನ್ನೂ ಗಾಳಿಯನ್ನೂ ಅನುಸರಿಸುತ್ತದೆ. ಮಂದ ಬೆಳಕಿನ, ತಣ್ಣನೆಯ, ಗಾಳಿಯಾಡದ ಕೋಣೆಯಲ್ಲಿ ಪತ್ರರಂಧ್ರಗಳು ಅರೆತೆರೆದು ನಿಲ್ಲುತ್ತವೆ, ಬೆಳವಣಿಗೆ ನಿಧಾನವಾಗುತ್ತದೆ, ಬೇರಿಗೆ ನೀರಿನ ಅವಸರವಿರುವುದಿಲ್ಲ. ಬೇಸಿಗೆಯಲ್ಲಿ ಎರಡು ದಿನಕ್ಕೆ ಒಣಗುತ್ತಿದ್ದ ಕುಂಡ ಈಗ ವಾರವಾದರೂ ಒದ್ದೆಯಾಗಿಯೇ ಇರುತ್ತದೆ. ಅದರ ಮೇಲೆ ದಿನವೂ ಒಂದು ತಂಬಿಗೆ ಬಿದ್ದರೆ?

ಬೇರೂ ಉಸಿರಾಡುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯಿರುತ್ತದೆ. ಆ ಗಾಳಿಯ ಆಮ್ಲಜನಕದಿಂದಲೇ ಬೇರಿನ ಕೋಶಗಳು ಶಕ್ತಿಯನ್ನು ಪಡೆದು ನೀರನ್ನೂ ಲವಣಗಳನ್ನೂ ಹೀರುತ್ತವೆ. ಸಂದುಗಳೆಲ್ಲ ನೀರಿನಿಂದ ತುಂಬಿಹೋದಾಗ ಬೇರಿಗೆ ಉಸಿರು ಕಟ್ಟುತ್ತದೆ. ದುರ್ಬಲವಾದ ಬೇರಿನ ಮೇಲೆ ಒದ್ದೆ ಮಣ್ಣಿನ ಶಿಲೀಂಧ್ರಗಳು ಎರಗುತ್ತವೆ. ಬೇರು ಕಂದು ತಿರುಗಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ನೀರಿನಲ್ಲಿಯೇ ನಿಂತಿರುವ ಗಿಡದ ಎಲೆಗಳು ಬಾಯಾರಿದ ಗಿಡದ ಎಲೆಗಳಂತೆಯೇ ಜೋತುಬೀಳುತ್ತವೆ. ಮನೆಯವರು ಜೋತ ಎಲೆಯನ್ನು ಕಂಡು, ಅಯ್ಯೋ ನೀರು ಸಾಲದೆಂದು, ಇನ್ನೊಂದು ತಂಬಿಗೆ ಹೊಯ್ಯುತ್ತಾರೆ. ರೋಗವನ್ನೇ ಮದ್ದೆಂದು ಉಣಿಸುವ ಇಂತಹ ಸನ್ನಿವೇಶ ಕೈತೋಟದಲ್ಲಿ ಬೇರೊಂದಿಲ್ಲ. ಎರಡು ಬಗೆಯ ಬಾಡುವಿಕೆಯನ್ನು ಬೇರ್ಪಡಿಸಿ ಹೇಳಬಲ್ಲುದು ಎಲೆಯಲ್ಲ, ಮಣ್ಣು. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಬೇಕು. ಬೆರಳಿಗೆ ತಂಪು ತಾಗಿ ಮಣ್ಣು ಅಂಟಿಕೊಂಡರೆ ಆ ದಿನ ನೀರು ಬೇಡ. ಪುಡಿಪುಡಿಯಾಗಿ ಉದುರಿದರೆ ಬೇಕು. ಕುಂಡವನ್ನು ಎತ್ತಿ ಅದರ ಭಾರದಿಂದಲೇ ಒಳಗಿನ ನೀರನ್ನು ಅಂದಾಜು ಮಾಡುವ ಅಭ್ಯಾಸವೂ ಅನುಭವಿಗಳಿಗೆ ಇರುತ್ತದೆ.

ನೀರು ಕೊಡುವಾಗ ಮಾತ್ರ ಜಿಪುಣತನ ಸಲ್ಲದು. ಮೇಲುಮೇಲೆ ಚಿಮುಕಿಸಿದರೆ ಮೇಲಿನ ಒಂದಂಗುಲ ಮಣ್ಣು ಒದ್ದೆಯಾಗಿ, ಕೆಳಗಿನ ಬೇರು ಒಣಗಿರುತ್ತದೆ. ತಳದ ತೂತಿನಿಂದ ಹರಿದುಬರುವಷ್ಟು ಕೊಟ್ಟು, ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ಮತ್ತೆ ಮಣ್ಣು ಕೇಳುವವರೆಗೆ ಸುಮ್ಮನಿರುವುದು ಸರಿಯಾದ ಕ್ರಮ. ಕುಂಡದ ಬಗೆಯನ್ನೂ ನೆನಪಿಡಬೇಕು. ಕುಂಬಾರನ ಮಣ್ಣಿನ ಕುಂಡದ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳಿವೆ. ಹೂಜಿಯ ನೀರು ತಣ್ಣಗಾಗುವುದು ಯಾವ ಕಾರಣದಿಂದಲೋ ಅದೇ ಕಾರಣದಿಂದ ಅದರ ಮೈಯೂ ಬೆವರುತ್ತದೆ, ಮಣ್ಣು ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಕುಂಡಕ್ಕೆ ಆ ಗುಣವಿಲ್ಲ. ಪಕ್ಕಪಕ್ಕದಲ್ಲಿರುವ ಎರಡು ಕುಂಡಗಳಿಗೆ ಒಂದೇ ಲೆಕ್ಕದ ನೀರು ಕೊಡುವವನು ಒಂದಕ್ಕೆ ಅನ್ಯಾಯ ಮಾಡಿಯೇ ಮಾಡುತ್ತಾನೆ.

ಗಿಡದ ತವರನ್ನು ಅರಿತರೂ ಈ ಲೆಕ್ಕ ಸುಲಭವಾಗುತ್ತದೆ. ಮನೆಮನೆಯಲ್ಲಿಯೂ ಕಾಣುವ ಮನಿಪ್ಲಾಂಟ್ ಬಳ್ಳಿ ಪೆಸಿಫಿಕ್ ಮಹಾಸಾಗರದ ಮೋರಿಯಾ ದ್ವೀಪದ್ದು. ವರ್ಷವಿಡೀ ಬೆಚ್ಚಗಿರುವ ಕಾಡಿನ ಮರಗಳ ಮೇಲೆ ಹಬ್ಬಿ ಬೆಳೆದುದು. ತಣ್ಣನೆಯ ರಾತ್ರಿಗಳಲ್ಲಿ ಅದು ಬೆಳೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿ ಕಾದಿರುತ್ತದೆ. ಹಾವಿನ ಮೈಯಂತೆ ಪಟ್ಟೆಯುಳ್ಳ, ಕತ್ತಿಯಂತೆ ನೆಟ್ಟಗೆ ನಿಲ್ಲುವ ಎಲೆಯ ಸ್ಯಾನ್ಸೆವೇರಿಯಾ ಪಶ್ಚಿಮ ಆಫ್ರಿಕದ ಒಣನೆಲದಿಂದ ಬಂದುದು; ದಪ್ಪ ಎಲೆಯಲ್ಲಿ ನೀರನ್ನು ಕೂಡಿಟ್ಟುಕೊಂಡಿರುವ ಅದಕ್ಕೆ ಮಾಗಿಯಲ್ಲಿ ಮೂರು ವಾರಕ್ಕೊಮ್ಮೆ ನೀರು ಸಿಕ್ಕರೂ ಸಾಕು. ಮಲೆನಾಡಿನ ತೊರೆಗಳ ಬದಿಯಲ್ಲಿ ಬೆಳೆಯುವ ಜರೀಗಿಡಗಳ ಸ್ವಭಾವ ಇವೆರಡಕ್ಕೂ ಬೇರೆ. ಅವುಗಳ ತೆಳ್ಳನೆಯ ಎಲೆಗೆ ಒಣಗಾಳಿ ಆಗದು. ಬೇರಿಗೆ ಹೆಚ್ಚು ನೀರು ಕೊಟ್ಟು ಈ ಕೊರತೆಯನ್ನು ತುಂಬಲೂ ಆಗದು. ಒದ್ದೆ ಮಾಡಬೇಕಾದುದು ಮಣ್ಣನ್ನಲ್ಲ, ಸುತ್ತಲಿನ ಗಾಳಿಯನ್ನು. ಅಗಲವಾದ ತಟ್ಟೆಯಲ್ಲಿ ಸಣ್ಣ ಕಲ್ಲುಗಳನ್ನು ಹರಡಿ, ಕಲ್ಲು ಮುಳುಗದಷ್ಟು ನೀರು ತುಂಬಿ, ಮೇಲೆ ಕುಂಡವನ್ನಿಡುವುದುಂಟು. ಹಲವು ಗಿಡಗಳನ್ನು ಒತ್ತಾಗಿ ಇರಿಸಿದರೆ ಒಂದರ ಆವಿ ಇನ್ನೊಂದಕ್ಕೆ ನೆರವಾಗುತ್ತದೆ.

ಜರೀಗಿಡಗಳ ಈ ಸ್ವಭಾವವೇ ಒಮ್ಮೆ ಲೋಕದ ಸಸ್ಯಸಂಚಾರವನ್ನು ಬದಲಿಸಿತು. ನೇಥನಿಯಲ್ ಬ್ಯಾಗ್‌ಷಾ ವಾರ್ಡ್ ಲಂಡನ್ನಿನ ಒಬ್ಬ ವೈದ್ಯ. ಜರೀಗಿಡಗಳೆಂದರೆ ಅವನಿಗೆ ಬಲು ಆಸೆ. ಆದರೆ ಆ ನಗರದ ಕಲ್ಲಿದ್ದಲಿನ ಹೊಗೆಯಲ್ಲಿ ಅವನು ನೆಟ್ಟುದೆಲ್ಲ ಸಾಯುತ್ತಿತ್ತು. 1829ರಲ್ಲಿ ಅವನು ಪತಂಗವೊಂದರ ಕೋಶವನ್ನು ಪರೀಕ್ಷಿಸಲೆಂದು ಅಗಲಬಾಯಿಯ ಗಾಜಿನ ಸೀಸೆಯಲ್ಲಿ ತೇವದ ಮಣ್ಣಿನೊಳಗೆ ಹುಗಿದು ಮುಚ್ಚಳ ಹಾಕಿದ. ಹಗಲು ಮಣ್ಣಿನ ತೇವ ಆವಿಯಾಗಿ ಗಾಜಿನ ಒಳಮೈಗೆ ಹನಿಯಾಗಿ ಕಟ್ಟುತ್ತಿತ್ತು. ಹನಿ ಮರಳಿ ಮಣ್ಣಿಗೆ ಇಳಿಯುತ್ತಿತ್ತು. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಒಂದು ಜರೀಗಿಡವೂ ಒಂದು ಹುಲ್ಲೂ ತಾವಾಗಿ ಮೊಳೆತವು. ಪತಂಗದ ಮಾತು ಹಿಂದಕ್ಕೆ ಸರಿಯಿತು. ವಾರ್ಡ್ ಆ ಸೀಸೆಯನ್ನು ಕಿಟಕಿಯ ಹೊರಗಿರಿಸಿದ. ಒಂದು ಹನಿ ನೀರನ್ನೂ ಹೊಸದಾಗಿ ಸೇರಿಸದೆ ಆ ಸಸ್ಯಗಳು ಸುಮಾರು ನಾಲ್ಕು ವರ್ಷ ಬದುಕಿದವು. ಹುಲ್ಲು ಒಮ್ಮೆ ಹೂವನ್ನೂ ಬಿಟ್ಟಿತು. ಕೊನೆಗೆ ಅವು ಸತ್ತ ಬಗೆಯನ್ನು ಕೈತೋಟದ ಆಸಕ್ತಿಯುಳ್ಳವರೆಲ್ಲ ನೆನಪಿಡಬೇಕು: ವಾರ್ಡ್ ಊರಿನಲ್ಲಿಲ್ಲದಾಗ ಮುಚ್ಚಳ ತುಕ್ಕು ಹಿಡಿದು, ಮಳೆಯ ನೀರು ಯಥೇಚ್ಛವಾಗಿ ಒಳಗೆ ನುಗ್ಗಿ ಅವು ನಾಶವಾದವು.

ಈ ಸೀಸೆಯಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗೆ ವಾರ್ಡನ ಪೆಟ್ಟಿಗೆಯೆಂದೇ ಹೆಸರಾಯಿತು. 1833ರಲ್ಲಿ ಅಂತಹ ಎರಡು ಪೆಟ್ಟಿಗೆಗಳಲ್ಲಿ ಜರೀಗಿಡಗಳು ಮತ್ತು ಹುಲ್ಲುಗಳು ಹಡಗಿನ ಮೇಲೆ ಆಸ್ಟ್ರೇಲಿಯದ ಸಿಡ್ನಿಯನ್ನು ಜೀವಂತವಾಗಿ ತಲುಪಿದವು. ಅದಕ್ಕೆ ಮೊದಲು ದೂರದ ಸಮುದ್ರಯಾನದಲ್ಲಿ ಉಪ್ಪುಗಾಳಿಗೂ ನೀರಿನ ಕೊರತೆಗೂ ಸಿಕ್ಕಿ ಹೆಚ್ಚಿನ ಸಸಿಗಳು ಸಾಯುತ್ತಿದ್ದವು. ಮುಂದೆ 1848ರಿಂದ ಕೆಲವು ವರ್ಷಗಳ ಕಾಲ ರಾಬರ್ಟ್ ಫಾರ್ಚೂನ್ ಎಂಬವನು ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಚೀನದಿಂದ ಸಾವಿರಾರು ಚಹಾ ಸಸಿಗಳನ್ನು ಭಾರತಕ್ಕೆ ಸಾಗಿಸಿದುದು ಇಂತಹ ಪೆಟ್ಟಿಗೆಗಳಲ್ಲಿಯೇ. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಒಂದು ದೊಡ್ಡ ಗಾಜಿನ ಮನೆಯುಂಟು. 1889ರಲ್ಲಿ ಅದಕ್ಕೆ ಅಸ್ತಿಭಾರ ಹಾಕಲಾಯಿತು. ಇಂಗ್ಲೆಂಡಿನ ಗಾಜಿನ ಮನೆಗಳ ಮಾದರಿಯಲ್ಲಿ ಕಟ್ಟಿದುದಾದರೂ, ಹಿಮವೇ ಬೀಳದ ಊರಿನಲ್ಲಿ ಅದಕ್ಕೆ ಗಿಡಗಳನ್ನು ಚಳಿಯಿಂದ ಕಾಪಾಡುವ ಕೆಲಸವಿಲ್ಲ. ಫಲಪುಷ್ಪ ಪ್ರದರ್ಶನಗಳಿಗೆ ಅದು ಹೆಸರಾಗಿದೆ. ಗಣರಾಜ್ಯೋತ್ಸವದ ಪ್ರದರ್ಶನದಲ್ಲಿ ಜನ ನೋಡಿ ಬೆರಗಾಗುವ ಪೆಟೂನಿಯಾ, ಸಾಲ್ವಿಯಾ, ಡೇಲಿಯಾಗಳ ಸಿದ್ಧತೆ ಅದಕ್ಕೆ ತಿಂಗಳುಗಟ್ಟಲೆ ಮೊದಲೇ, ಮಾಗಿಗೆ ಮುನ್ನವೇ ತೊಡಗಿರುತ್ತದೆ.

ಮಳೆ ನಿಂತ ಮೇಲೆ ಮನೆಯೊಳಗಿನ ಗಿಡಗಳಿಗೆ ಧೂಳಿನ ಕಾಟವೂ ಸೇರಿಕೊಳ್ಳುತ್ತದೆ. ಮೊದಲೇ ಕಡಿಮೆಯಿರುವ ಬೆಳಕಿಗೆ ಎಲೆಯ ಮೇಲಿನ ಧೂಳು ಇನ್ನೊಂದು ತೆರೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಮಗ್ಗುಲನ್ನು ಒರಸುವವನು ಗೊಬ್ಬರ ಹಾಕುವವನಿಗಿಂತ ಹೆಚ್ಚು ಉಪಕಾರ ಮಾಡಿದಂತೆ. ಬೆಳೆಯದೆ ನಿಂತಿರುವ ಗಿಡಕ್ಕೆ ಈ ತಿಂಗಳುಗಳಲ್ಲಿ ಗೊಬ್ಬರ ಬೇಕಿಲ್ಲ. ಬಳಕೆಯಾಗದ ಲವಣಗಳು ಮಣ್ಣಿನಲ್ಲಿ ಕೂಡಿ ಬೇರನ್ನು ಸುಡುತ್ತವೆ. ಒರಸುವಾಗ ಎಲೆಯ ಅಡಿಭಾಗದಲ್ಲಿ ಹಿಟ್ಟು ತಿಗಣೆಯ ಬಿಳಿಯ ಹತ್ತಿಯಂತಹ ಗಂಟುಗಳೋ ನುಸಿಯ ಸೂಕ್ಷ್ಮವಾದ ಬಲೆಯೋ ಕಂಡರೆ ಸಾಬೂನಿನ ತಿಳಿನೀರಿನಿಂದ ತೊಳೆದು, ಆ ಕುಂಡವನ್ನು ಕೆಲವು ದಿನ ಬೇರೆಯಾಗಿ ಇರಿಸುವುದು ಒಳ್ಳೆಯದು.

ಕಿಟಕಿಯ ಬಳಿಯ ಗಿಡ ಬೆಳಕಿನ ಕಡೆಗೆ ಬಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸನೊಡನೆ ಈ ಬಾಗುವಿಕೆಯನ್ನು ಕುರಿತು ಪ್ರಯೋಗ ಮಾಡಿ 1880ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಹುಲ್ಲಿನ ಎಳೆಯ ಮೊಳಕೆಯ ತುದಿಗೆ ಬೆಳಕು ತೂರದ ಸಣ್ಣ ಕುಲಾವಿ ತೊಡಿಸಿದರೆ ಮೊಳಕೆ ಬಾಗುವುದಿಲ್ಲ. ತುದಿಯನ್ನು ಬಿಟ್ಟು ಕೆಳಗಿನ ಭಾಗವನ್ನು ಮುಚ್ಚಿದರೆ ಬಾಗುತ್ತದೆ. ಅಂದರೆ ಬೆಳಕನ್ನು ಅರಿಯುವುದು ತುದಿ, ಬಾಗುವುದು ಕೆಳಭಾಗ. ತುದಿಯಿಂದ ಕೆಳಗಿಳಿದು ನೆರಳಿನ ಮಗ್ಗುಲನ್ನು ಹೆಚ್ಚು ಉದ್ದ ಬೆಳೆಸುವ ಆ ರಸವಸ್ತುವನ್ನು ಮುಂದಿನ ವಿಜ್ಞಾನಿಗಳು ಆಕ್ಸಿನ್ ಎಂದು ಕರೆದರು. ಮನೆಯವರು ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ನೆಟ್ಟಗೆ ನಿಲ್ಲುತ್ತದೆ.

ಮನೆಯೊಳಗಿನ ಗಿಡಗಳನ್ನು ಕುರಿತು ಎರಡು ನಂಬಿಕೆಗಳು ಬಳಕೆಯಲ್ಲಿವೆ. ಒಂದು ಹಳೆಯದು, ಒಂದು ಹೊಸದು. ರಾತ್ರಿ ಗಿಡಗಳು ಇಂಗಾಲದ ಡೈ ಆಕ್ಸೈಡನ್ನು ಬಿಡುವುದರಿಂದ ಮಲಗುವ ಕೋಣೆಯಲ್ಲಿ ಅವು ಅಪಾಯಕರ ಎಂಬುದು ಹಳೆಯದು. ಗಿಡ ಬಿಡುವ ಪ್ರಮಾಣ ಅಲ್ಪ. ಅದೇ ಕೋಣೆಯಲ್ಲಿ ಮಲಗಿದ ಒಬ್ಬ ಮನುಷ್ಯ ಬಿಡುವುದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಗಿಡಕ್ಕೆ ಹೆದರುವವರು ಅಣ್ಣತಮ್ಮಂದಿರನ್ನು ಮೊದಲು ಹೊರಗೆ ಕಳುಹಿಸಬೇಕಾದೀತು. ನಾಲ್ಕು ಕುಂಡಗಳನ್ನಿಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಎಂಬುದು ಹೊಸ ನಂಬಿಕೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದಕ್ಕೆ ಮೂಲ. ಆ ಪ್ರಯೋಗ ನಡೆದುದು ಗಾಳಿ ಹೊರಹೋಗದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ ಬಾಗಿಲುಗಳುಳ್ಳ ಮನೆಯಲ್ಲಿ ಹೊರಗಿನ ಗಾಳಿ ಬಂದು ಹೋಗುವುದರಿಂದ ಆಗುವಷ್ಟು ಶುದ್ಧಿ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಹತ್ತರಿಂದ ಸಾವಿರ ಗಿಡಗಳು ಬೇಕೆಂದು 2019ರ ಒಂದು ವಿಮರ್ಶೆ ಲೆಕ್ಕ ಹಾಕಿತು. ಅಷ್ಟಾದ ಮೇಲೆ ಮನೆಯವರಿಗೆ ಜಾಗವೆಲ್ಲಿ? ಗಿಡವನ್ನು ಸಾಕಲು ಅದರ ಚೆಲುವೇ ಸಾಕಾದ ಕಾರಣ.

ಹಿತ್ತಲಿನಲ್ಲಿ ಕೆಲಸದ ಸ್ವರೂಪವೇ ಬೇರೆ. ಒಳಗೆ ಕೈ ಹಿಡಿಯಬೇಕಾದ ಕಾಲದಲ್ಲಿ ಹೊರಗೆ ಕೈ ಬೀಸಿ ದುಡಿಯಬೇಕು. ಮೋಡವಿಲ್ಲದ ಆಕಾಶ, ತಂಪಾದ ರಾತ್ರಿ, ಹದವಾದ ಹಗಲು: ಹೂಕೋಸು, ಎಲೆಕೋಸು, ನವಿಲುಕೋಸು, ಗಜ್ಜರಿ, ಮೂಲಂಗಿ, ಬಟಾಣಿ, ಮೆಂತ್ಯ, ಕೊತ್ತಂಬರಿಗಳಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಇಲ್ಲಿ ನೀರಿನ ನಿಯಮವೂ ತಿರುಗಿ ನಿಲ್ಲುತ್ತದೆ. ಬಿಸಿಲಿನಲ್ಲಿ, ಒಣಗಾಳಿಗೆ ಒಡ್ಡಿಕೊಂಡಿರುವ ತಾರಸಿಯ ಕುಂಡ ಮಾಗಿಯಲ್ಲಿಯೂ ದಿನವೂ ನೀರು ಕೇಳಬಹುದು. ಪಾತಿಯ ಮಣ್ಣಿನ ಮೇಲೆ ತರಗೆಲೆಯನ್ನು ಮೂರು ನಾಲ್ಕು ಅಂಗುಲ ಹೊದಿಸಿದರೆ ತೇವ ಬೇಗ ಆರದು. ಈ ತಿಂಗಳುಗಳಲ್ಲಿ ಉದುರುವ ಎಲೆಯನ್ನು ಗುಡಿಸಿ ಬೆಂಕಿ ಹಚ್ಚುವ ಪದ್ಧತಿ ಹೊಗೆಯನ್ನಷ್ಟೇ ಕೊಡುತ್ತದೆ, ಹೊದಿಸಿದ ಎಲೆ ಮಳೆಗಾಲಕ್ಕೆ ಗೊಬ್ಬರವಾಗಿರುತ್ತದೆ. ನೀರನ್ನು ಬೆಳಗ್ಗೆ, ಬುಡಕ್ಕೆ ಕೊಡಬೇಕು. ಸಂಜೆ ಎಲೆಯ ಮೇಲೆ ಸುರಿದರೆ ಇಬ್ಬನಿಯೂ ಸೇರಿ ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದು ಶಿಲೀಂಧ್ರಗಳಿಗೆ ಅನುಕೂಲವಾಗುತ್ತದೆ. ಗುಲಾಬಿಯ ಎಳೆಯ ಚಿಗುರಿನ ಮೇಲೆ ಬೂದಿ ಎರಚಿದಂತೆ ಕಾಣುವ ಬೂದಿರೋಗಕ್ಕೆ ಇಂತಹ ತಂಪು ರಾತ್ರಿಗಳೂ ಒಣ ಹಗಲುಗಳೂ ಪ್ರಿಯವಾದವು. ತುಳಸಿಗೆ ಬಿಸಿಲು ಬೀಳುವಂತೆ ಮಾಡಿ, ಬೀಜಕ್ಕೆಂದು ಎರಡು ಮೂರು ತೆನೆಗಳನ್ನು ಬಿಟ್ಟು ಉಳಿದುವನ್ನು ಚಿವುಟುತ್ತಿದ್ದರೆ ಅದು ತನ್ನ ಶಕ್ತಿಯನ್ನೆಲ್ಲ ಬೀಜಕ್ಕೆ ಸುರಿಯದೆ ಮಾಗಿಯನ್ನು ದಾಟುತ್ತದೆ.

ಇನ್ನು ಸೇವಂತಿಗೆ ಮಾಗಿಯಲ್ಲಿಯೇ ಅರಳುವುದೇಕೆ? ಚಳಿಯ ಸುಖದಿಂದ ಎಂದು ಬಹುಕಾಲ ಜನ ಎಣಿಸಿದ್ದರು. ಉತ್ತರ ಸಿಕ್ಕಿದುದು ಹೊಗೆಸೊಪ್ಪಿನ ಗಿಡವೊಂದರಿಂದ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬವರು ಬೆಳೆಸುತ್ತಿದ್ದ ಮೇರಿಲೆಂಡ್ ಮ್ಯಾಮತ್ ಎಂಬ ತಳಿ ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಮಾಗಿಯಲ್ಲಿ ಗಾಜಿನ ಮನೆಯೊಳಗೆ ಪುಟ್ಟ ಗಿಡವೂ ಹೂ ಬಿಡುತ್ತಿತ್ತು. ಉಷ್ಣತೆ, ಮಣ್ಣು, ನೀರು ಎಲ್ಲವನ್ನೂ ಪರೀಕ್ಷಿಸಿ ಸೋತ ಅವರು, ಬೇಸಿಗೆಯಲ್ಲಿ ಕೆಲವು ಗಿಡಗಳನ್ನು ದಿನವೂ ಸಂಜೆಗೆ ಮೊದಲೇ ಕತ್ತಲೆಯ ಕೋಣೆಯೊಳಗಿಟ್ಟು ಹಗಲನ್ನು ಕಿರಿದುಗೊಳಿಸಿದರು. ಆ ಗಿಡಗಳು ಹೂ ಬಿಟ್ಟವು. 1920ರಲ್ಲಿ ಪ್ರಕಟವಾದ ಈ ಶೋಧನೆಯಿಂದ, ಗಿಡಗಳು ಹಗಲು ರಾತ್ರಿಗಳ ಅಳತೆಯನ್ನು ಎಣಿಸಬಲ್ಲವೆಂಬುದು ತಿಳಿಯಿತು. ಮುಂದಿನ ಪ್ರಯೋಗಗಳು ಇನ್ನೂ ಸೂಕ್ಷ್ಮವಾದ ಅಂಶವನ್ನು ತೋರಿಸಿದವು: ಇಂತಹ ಗಿಡಗಳು ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು. ನೀಳವಾದ ರಾತ್ರಿಯ ನಡುವೆ ಕೆಲವು ನಿಮಿಷ ಬೆಳಕು ಬಿದ್ದರೂ ಕೆಲವು ಜಾತಿಗಳು ಲೆಕ್ಕ ತಪ್ಪಿ ಹೂ ಬಿಡದೆ ಉಳಿಯುತ್ತವೆ.

ಬೆಂಗಳೂರಿನಲ್ಲಿ ಅತಿ ಗಿಡ್ಡ ಹಗಲು ಸುಮಾರು 11 ಗಂಟೆ 24 ನಿಮಿಷ. ಜೂನ್ ತಿಂಗಳ ಅತಿ ನೀಳ ಹಗಲು 12 ಗಂಟೆ 50 ನಿಮಿಷಗಳನ್ನು ಮೀರುತ್ತದೆ. ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಗಡಿಯಾರವಿಲ್ಲದ ಮನುಷ್ಯ ಗಮನಿಸಲಾರದ ಈ ಅಂತರವನ್ನು ಸೇವಂತಿಗೆ ಗಮನಿಸುತ್ತದೆ. ಅವರೆಯ ನಾಡತಳಿಗಳೂ ಹಾಗೆಯೇ; ಮಾಗಿಯ ಸೊಗಡಿನ ಅವರೆ ಆ ಕಾಲಕ್ಕೇ ಬರುವುದು ರಾತ್ರಿ ನೀಳವಾದುದರಿಂದ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹೊರತಂದ ಹೆಬ್ಬಾಳ ಅವರೆಯ 3 ಮತ್ತು 4ನೆಯ ತಳಿಗಳಿಗೆ ಈ ಕಟ್ಟುಪಾಡಿಲ್ಲವಾದುದರಿಂದ ಅವನ್ನು ವರ್ಷದ ಯಾವ ಕಾಲದಲ್ಲಿಯೂ ಬೆಳೆಯಬಹುದು. ಹೂವಿನ ಬೇಸಾಯಗಾರರು ಇದೇ ತತ್ತ್ವವನ್ನು ಹಿಂದುಮುಂದಾಗಿ ಬಳಸುತ್ತಾರೆ: ಬೆಂಗಳೂರಿನ ಸುತ್ತಿನ ಕೆಲವು ಸೇವಂತಿಗೆಯ ಹೊಲಗಳಲ್ಲಿ ರಾತ್ರಿ ಸಾಲುಸಾಲಾಗಿ ವಿದ್ಯುದ್ದೀಪಗಳು ಉರಿಯುವುದು ಕಳ್ಳರ ಭಯಕ್ಕಲ್ಲ, ಮೊಗ್ಗನ್ನು ತಡೆದು, ಗಿಡವನ್ನು ಎತ್ತರಕ್ಕೆ ಬೆಳೆಸಿ, ಬೇಕಾದ ಕಾಲಕ್ಕೆ ಹೂ ಪಡೆಯುವುದಕ್ಕೆ. ಮನೆಯಂಗಳದ ಸೇವಂತಿಗೆ ಎಷ್ಟು ಆರೈಕೆ ಮಾಡಿದರೂ ಹೂ ಬಿಡದಿದ್ದರೆ, ಗೊಬ್ಬರವನ್ನು ಹೆಚ್ಚಿಸುವ ಮೊದಲು ರಾತ್ರಿ ಹೊರಗೆ ಬಂದು ನೋಡಬೇಕು. ಬೀದಿಯ ದೀಪ ಅದರ ಮೇಲೆಯೇ ಬೀಳುತ್ತಿರಬಹುದು. ಕುಂಡವನ್ನು ಗೋಡೆಯ ಮರೆಗೆ ಸರಿಸಿದರೆ ಸಾಕು.

ಸಂಕ್ರಾಂತಿಗೆ ಮೂರು ವಾರ ಮೊದಲೇ ಹಗಲು ಬೆಳೆಯತೊಡಗಿರುತ್ತದೆ. ಆದರೆ ಬೆಂಗಳೂರಿನಲ್ಲಿ ಸೂರ್ಯೋದಯ ಜನವರಿಯ ಕೊನೆಯವರೆಗೂ ತಡವಾಗುತ್ತಲೇ ಹೋಗುವುದರಿಂದ ಬೆಳಗ್ಗೆ ಏಳುವವರಿಗೆ ಇದು ತಿಳಿಯದು. ಹೆಚ್ಚುವ ಬೆಳಕೆಲ್ಲ ಸಂಜೆಯ ಕಡೆಗೆ ಸೇರುತ್ತಿರುತ್ತದೆ. ಶಿವರಾತ್ರಿಯ ಹೊತ್ತಿಗೆ ಚಳಿ ಹಿಂದೆಗೆಯುತ್ತದೆ, ಒಳಗಿನ ಗಿಡಗಳ ತುದಿಯಲ್ಲಿ ಸುರುಳಿ ಸುತ್ತಿದ ಹೊಸ ಎಲೆ ಕಾಣಿಸಿಕೊಳ್ಳುತ್ತದೆ. ಮಾಗಿಯಲ್ಲಿ ಮುಂದೂಡಿದ್ದ ಕುಂಡ ಬದಲಿಸುವ ಕೆಲಸಕ್ಕೆ ಇದೇ ಸಮಯ. ಬೇರು ತಳದ ತೂತಿನಿಂದ ಇಣುಕುತ್ತಿರುವ ಗಿಡವನ್ನು ಮಣ್ಣಿನ ಹೆಂಟೆಯೊಡನೆ ಜಾರಿಸಿ ತೆಗೆದು, ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಬಿಡಿಸಿ, ಕಂದಾಗಿ ಮೆತ್ತಗಾದುವನ್ನು ಕತ್ತರಿಸಬೇಕು. ಹಳೆಯದಕ್ಕಿಂತ ಎರಡು ಅಂಗುಲ ಅಗಲವಾದ ಕುಂಡ ಸಾಕು. ಬಹಳ ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿದು ಹಳೆಯ ಕೇಡು ಮತ್ತೆ ಬರುತ್ತದೆ. ತೂತಿನ ಮೇಲೆ ಒಡೆದ ಮಡಕೆಯ ಚೂರನ್ನು ಕವುಚಿ, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರಗಳನ್ನು ಬೆರೆಸಿ ತುಂಬಲಾಗುತ್ತದೆ. ನೆಟ್ಟ ದಿನ ತಳದಿಂದ ಹರಿಯುವಷ್ಟು ನೀರುಣಿಸಿ, ವಾರ ಕಾಲ ನೆರಳಿನಲ್ಲಿಟ್ಟು, ಬೆರಳಿಗೆ ಮಣ್ಣು ಒಣಗಿದುದು ತಿಳಿಯುವವರೆಗೆ ತಂಬಿಗೆಯನ್ನು ಅದರ ಜಾಗದಲ್ಲಿಯೇ ಇರಗೊಡಬೇಕು.